ಮೈಕೈ ನೋವಿಗೆ ಎದೆಮಟ್ಟದ ನೀರು: ಓದುಗರ ಪ್ರಶ್ನೆ, ತಜ್ಞರ ಉತ್ತರ

ಮೈಯೆಲ್ಲ ಬಹುಕಾಲ ನೋಯುತ್ತ, ಸುಸ್ತು ಕಾಡುವ ಫೈಬ್ರೊಮಯಾಲ್ಜಿಯ ಎಂಬ ಕಾಯಿಲೆ ಬಗ್ಗೆ ಬಂದಿರುವ ಪತ್ರಗಳಲ್ಲಿ ನೀರಿನ ವ್ಯಾಯಾಮದ ವಿಚಾರ ಕೇಳಿದವರೇ ಹೆಚ್ಚು. ಆಯ್ದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ. ಕೇಳಿದವರ ಊರನ್ನಷ್ಟೇ ಕೊಟ್ಟಿದ್ದೇವೆ.

ಪ್ರಶ್ನೆ: ನನ್ನ ಹೆಂಡತಿಗೆ 41 ವರ್ಷ. ಎರಡು ವರ್ಷದಿಂದ ಕತ್ತು, ಭುಜ, ಬೆನ್ನು, ತೊಡೆ, ನೋಯದ ಜಾಗವೇ ಇಲ್ಲ. ಬೆಳಿಗ್ಗೆ ಏಳುವಾಗಲೇ ಸುಸ್ತು. ರಕ್ತಪರೀಕ್ಷೆ, ಎಕ್ಸ್‌ರೇ, ಎಂಆರ್‌ಐ ಎಲ್ಲ ನಾರ್ಮಲ್. ಈಗ ಫೈಬ್ರೊಮಯಾಲ್ಜಿಯ ಎಂದಿದ್ದಾರೆ. ನೀರಿನಲ್ಲಿ ವ್ಯಾಯಾಮ ಮಾಡಿಸಿ, ಕಾಯಿಲೆ ಬಗ್ಗೆ ಇಬ್ಬರೂ ತಿಳಿದುಕೊಳ್ಳಿ ಎಂದು ಡಾಕ್ಟರು ಹೇಳಿದ್ದಾರೆ. ರಿಪೋರ್ಟಿನಲ್ಲಿ ಕಾಣದ ನೋವು ನಿಜವಾದದ್ದೇ? ತಿಳಿದುಕೊಂಡ ಮಾತ್ರಕ್ಕೆ ನೋವು ಹೋಗುತ್ತದೆಯೇ? – ತುಮಕೂರು

ಉತ್ತರ: ನೋವು ನಿಜವಾದದ್ದೇ. ಅದನ್ನು ಮನೆಯಲ್ಲಿ ಯಾರೂ ಅನುಮಾನಿಸಬಾರದು. ಎಕ್ಸ್‌ರೇ, ಎಂಆರ್‌ಐಗಳಲ್ಲಿ ಮೂಳೆ, ಕೀಲು, ಡಿಸ್ಕುಗಳ ಆಕಾರ ಕಾಣುತ್ತದೆ. ಮೈಯಿಂದ ಬರುವ ಸಂಕೇತಗಳನ್ನು ಬೆನ್ನುಹುರಿ ಮತ್ತು ಮಿದುಳು ಹೇಗೆ ನಿಭಾಯಿಸುತ್ತಿವೆ ಎಂಬುದು ಅವುಗಳಲ್ಲಿ ಕಾಣುವುದಿಲ್ಲ. ಈ ಕಾಯಿಲೆಯಲ್ಲಿ ತೊಂದರೆ ಇರುವುದು ಅಲ್ಲಿ. ಜಾತ್ರೆಯ ಮೈಕ್‌ಸೆಟ್ಟಿನ ವಾಲ್ಯೂಮ್ ಪೂರ್ತಿ ಏರಿಸಿಟ್ಟರೆ ಪಿಸುಮಾತೂ ಕಿವಿಗಡಚಿಕ್ಕುವಂತೆ ಕೇಳುತ್ತದೆ. ಹಾಗೆಯೇ ಸಾಧಾರಣ ಒತ್ತಡ, ತಣ್ಣನೆ ಗಾಳಿ, ಭುಜದ ಮೇಲಿನ ಬ್ಯಾಗಿನ ಪಟ್ಟಿ ಕೂಡ ಈ ರೋಗಿಗಳಿಗೆ ನೋವಾಗಿ ತಟ್ಟುತ್ತವೆ. ವೈದ್ಯರು ಇದನ್ನು ಸೆಂಟ್ರಲ್ ಸೆನ್ಸಿಟೈಸೇಶನ್ ಎನ್ನುತ್ತಾರೆ.

ಮೊದಲೆಲ್ಲ ಮೈಮೇಲೆ ಗೊತ್ತುಪಡಿಸಿದ 18 ಜಾಗಗಳನ್ನು ಒತ್ತಿ ನೋಡಿ, 11ರಲ್ಲಾದರೂ ನೋವಿದ್ದರೆ ಫೈಬ್ರೊಮಯಾಲ್ಜಿಯ ಎನ್ನುತ್ತಿದ್ದರು. ಅದು 1990ರ ಅಮೆರಿಕನ್ ಮಾನದಂಡ. 2010ರಲ್ಲಿ ಅದು ಬದಲಾಯಿತು, 2016ರಲ್ಲಿ ಮತ್ತೆ ಪರಿಷ್ಕಾರವಾಯಿತು. ಈಗ 19 ಭಾಗಗಳ ಪಟ್ಟಿಯಲ್ಲಿ ಎಲ್ಲೆಲ್ಲಿ ನೋವಿದೆ ಎಂದು ಎಣಿಸುತ್ತಾರೆ. ಅದರ ಜೊತೆಗೆ ಸುಸ್ತು, ಎದ್ದರೂ ನಿದ್ದೆಯಾಗಿಲ್ಲವೆನಿಸುವುದು, ಮರೆವು ಮತ್ತು ತಲೆ ಮಂಕಾಗುವುದು, ಇವುಗಳಿಗೂ ಅಂಕ ಕೊಡುತ್ತಾರೆ. ಈ ಲಕ್ಷಣಗಳು ಕನಿಷ್ಠ ಮೂರು ತಿಂಗಳಿಂದ ಇದ್ದಿರಬೇಕು. ಥೈರಾಯ್ಡ್, ಉರಿಯೂತ ತೋರಿಸುವ ಇಎಸ್‌ಆರ್ ಮತ್ತು ಸಿಆರ್‌ಪಿ, ಹಿಮೊಗ್ಲೋಬಿನ್, ವಿಟಮಿನ್ ಡಿ, ಬಿ12 ಪರೀಕ್ಷೆ ಮಾಡಿಸುವುದು ಇದೇ ತರಹದ ನೋವು ಕೊಡುವ ಬೇರೆ ಕಾಯಿಲೆ ಇದೆಯೇ ಎಂದು ನೋಡಲಿಕ್ಕೆ. ಅವೂ, ಎಕ್ಸ್‌ರೇ, ಎಂಆರ್‌ಐಗಳೂ ನಾರ್ಮಲ್ ಬಂದಿದ್ದರೆ ಸಮಾಧಾನಪಡಿ. ಕೀಲು ಸವೆಯುತ್ತಿಲ್ಲ, ಸ್ನಾಯು ಕರಗುತ್ತಿಲ್ಲ ಎಂದಾಯಿತು. ಇನ್ನೊಂದು ಆಸ್ಪತ್ರೆಗೆ ಹೋಗಿ ಮತ್ತೊಂದು ಎಂಆರ್‌ಐ ಮಾಡಿಸುವ ಅಗತ್ಯವಿಲ್ಲ.

ತಿಳಿವಳಿಕೆಯಿಂದ ನೋವು ಹೋಗುತ್ತದೆ ಎಂದು ಹೇಳಲಾರೆವು. ನೋವೆಂದರೆ ಒಳಗೆ ಏನೋ ಹಾಳಾಗುತ್ತಿದೆ ಎಂಬ ಭಯ ಮಾತ್ರ ಕಡಿಮೆಯಾಗುತ್ತದೆ. ಭಯ ಇರುವವರು ಮೈ ಅಲ್ಲಾಡಿಸುವುದನ್ನು ಬಿಡುತ್ತಾರೆ. ಬಿಟ್ಟ ಮೈಗೆ ಬಲ ಕುಗ್ಗಿ, ಅಷ್ಟಿಷ್ಟು ಕೆಲಸಕ್ಕೂ ನೋವು ಬರುತ್ತದೆ. ಈ ಸುತ್ತನ್ನು ಮುರಿಯಬೇಕಾದರೆ ಅರಿವು ಮತ್ತು ವ್ಯಾಯಾಮ ಎರಡೂ ಒಟ್ಟಿಗೆ ಬೇಕು. ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟ ಯೂಲಾರ್ 2017ರಲ್ಲಿ ಪ್ರಕಟಿಸಿದ ಶಿಫಾರಸುಗಳಲ್ಲಿ ರೋಗಿಗೆ ಕಾಯಿಲೆ ವಿವರಿಸುವುದನ್ನೇ ಮೊದಲ ಹೆಜ್ಜೆ ಮಾಡಿದೆ. ಅದು ಬಲವಾಗಿ ಶಿಫಾರಸು ಮಾಡಿದ ಚಿಕಿತ್ಸೆ ಒಂದೇ, ವ್ಯಾಯಾಮ. ಮಾತ್ರೆಗಳಿಗೆ ಸಿಕ್ಕಿರುವುದು ಅದಕ್ಕಿಂತ ದುರ್ಬಲವಾದ ಶಿಫಾರಸು.

ಪ್ರಶ್ನೆ: ನನಗೆ ಈಜು ಬರುವುದಿಲ್ಲ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಪೂಲ್ ಇದೆ. ಎಷ್ಟು ಆಳ, ಎಷ್ಟು ಬಿಸಿ ಇರಬೇಕು? ಒಳಗಿಳಿದು ಏನು ಮಾಡಬೇಕು ಎಂದು ಹಂತಹಂತವಾಗಿ ತಿಳಿಸುತ್ತೀರಾ? – ಬೆಂಗಳೂರು

ಉತ್ತರ: ಈಜು ಬರಬೇಕಾಗಿಯೇ ಇಲ್ಲ. ಇದು ನಿಂತುಕೊಂಡು, ನಡೆದಾಡಿಕೊಂಡು ಮಾಡುವ ವ್ಯಾಯಾಮ. ಕತ್ತು ನೋವಿರುವವರಿಗೆ ತಲೆ ಮೇಲೆತ್ತಿ ಈಜುವುದು ಒಳ್ಳೆಯದೂ ಅಲ್ಲ.

ಆಳ ಎದೆಮಟ್ಟಕ್ಕಿರಲಿ. ಹೊಕ್ಕಳವರೆಗಿನ ನೀರಿನಲ್ಲಿ ಕಾಲಿನ ಮೇಲೆ ಬೀಳುವುದು ದೇಹದ ತೂಕದ ಸುಮಾರು ಅರ್ಧ. ಎದೆಮಟ್ಟಕ್ಕೆ ಬಂದರೆ ಮೂರನೇ ಒಂದು ಭಾಗ. ಕತ್ತಿನವರೆಗೆ ಇಳಿದರೆ ಹತ್ತನೇ ಒಂದು ಭಾಗ ಮಾತ್ರ, ಆದರೆ ಅಲ್ಲಿ ಕಾಲು ನೆಲದ ಮೇಲೆ ನಿಲ್ಲದೆ ತೇಲಿಹೋಗುತ್ತದೆ, ಹಿಡಿತ ತಪ್ಪುತ್ತದೆ. ಆದ್ದರಿಂದ ಎದೆಮಟ್ಟವೇ ಸರಿ.

ನೀರು 32ರಿಂದ 34 ಡಿಗ್ರಿ ಸೆಲ್ಸಿಯಸ್ ಇದ್ದರೆ ಉತ್ತಮ. ಈಜು ಸ್ಪರ್ಧೆಯ ಕೊಳಗಳಲ್ಲಿ 25ರಿಂದ 28 ಡಿಗ್ರಿ ಇಡುತ್ತಾರೆ. ಜೋರಾಗಿ ಈಜುವವರಿಗೆ ಅದು ಹಿತ, ನಿಧಾನವಾಗಿ ನಡೆಯುವ ನಿಮಗೆ ಚಳಿ ಹಿಡಿದು ಸ್ನಾಯು ಬಿಗಿಯುತ್ತದೆ. ಮೇಲೆ ಬಂದು ನೋಡಿದರೆ ನೋವು ಹೆಚ್ಚಾಗಿರುತ್ತದೆ. ಅಪಾರ್ಟ್‌ಮೆಂಟಿನ ಪೂಲ್ ಬಿಸಿಮಾಡುವ ವ್ಯವಸ್ಥೆ ಇಲ್ಲದ್ದಾದರೆ ಮಾರ್ಚಿನಿಂದ ಮೇವರೆಗೆ, ಮಧ್ಯಾಹ್ನ ಮೂರು ನಾಲ್ಕು ಗಂಟೆಯ ಹೊತ್ತಿಗೆ ಇಳಿಯಿರಿ. ದಿನವಿಡೀ ಬಿದ್ದ ಬಿಸಿಲಿಗೆ ಮೇಲ್ಪದರದ ನೀರು ಕಾದಿರುತ್ತದೆ. ಬೆಳಗಿನ ಆರು ಗಂಟೆಯ ಬ್ಯಾಚು ನಿಮಗಲ್ಲ. ಹೋಟೆಲುಗಳ ಬಿಸಿನೀರಿನ ತೊಟ್ಟಿಯ (ಜಕೂಜಿ) 38–40 ಡಿಗ್ರಿ ನೀರಿನಲ್ಲಿ ವ್ಯಾಯಾಮ ಬೇಡ, ಬಿಪಿ ಇಳಿದು ತಲೆ ಸುತ್ತುತ್ತದೆ.

ಹೆಚ್ಚಿನ ಪೂಲ್‌ಗಳಲ್ಲಿ ಚೂಡಿದಾರ, ಹತ್ತಿ ಟೀಶರ್ಟು ಹಾಕಿ ಇಳಿಯಲು ಬಿಡುವುದಿಲ್ಲ. ದಾರದ ಎಳೆ ಫಿಲ್ಟರಿಗೆ ಸಿಕ್ಕಿಕೊಳ್ಳುತ್ತದೆ. ನೆನೆದ ಹತ್ತಿಬಟ್ಟೆಯ ಭಾರ ಭುಜವನ್ನೂ ಎಳೆಯುತ್ತದೆ. ಪೂರ್ತಿ ತೋಳಿನ, ಕಣಕಾಲವರೆಗಿನ ನೈಲಾನ್ ಈಜುಡುಗೆ ಸಿಗುತ್ತದೆ, ಸಂಕೋಚವಿದ್ದರೆ ಅದನ್ನೇ ಕೊಳ್ಳಿ. ಟೈಲ್ಸ್ ಮೇಲೆ ಜಾರದ ರಬ್ಬರ್ ಚಪ್ಪಲಿ ಇರಲಿ.

ಇನ್ನು ಒಳಗೆ. ಮೆಟ್ಟಿಲಿನ ಕಂಬಿ ಹಿಡಿದೇ ಇಳಿಯಿರಿ, ಹಾರಬೇಡಿ. ಒಂದು ನಿಮಿಷ ಗೋಡೆ ಹಿಡಿದು ನಿಂತು ಉಸಿರು ಹದಕ್ಕೆ ಬರಲಿ. ಮೊದಲ ಐದಾರು ನಿಮಿಷ ನಡಿಗೆ: ಮುಂದಕ್ಕೆ, ಹಿಂದಕ್ಕೆ, ಗೋಡೆಯ ಕಡೆ ಮುಖ ಮಾಡಿ ಅಡ್ಡಕ್ಕೆ. ಹಿಮ್ಮಡಿ ಮೊದಲು ಊರಿ, ಆಮೇಲೆ ಬೆರಳು. ತುದಿಗಾಲಲ್ಲಿ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ.

ಮುಖ್ಯ ಭಾಗದಲ್ಲಿ ನಿಂತಲ್ಲೇ ಮಂಡಿ ಎತ್ತಿ ಹೆಜ್ಜೆ ಹಾಕುವುದು, ಗೋಡೆ ಹಿಡಿದು ಕಾಲನ್ನು ಪಕ್ಕಕ್ಕೆ ಮತ್ತು ಹಿಂದಕ್ಕೆ ಚಾಚುವುದು, ಗೋಡೆಗೆ ಬೆನ್ನು ಕೊಟ್ಟು ಸೈಕಲ್ ತುಳಿಯುವಂತೆ ಕಾಲಾಡಿಸುವುದು, ಎರಡೂ ಕೈಗಳಿಂದ ನೀರನ್ನು ಮುಂದೆ ತಳ್ಳಿ ಎಳೆದುಕೊಳ್ಳುವುದು ಸಾಕು. ಒಂದೊಂದನ್ನೂ 8ರಿಂದ 10 ಬಾರಿ ಮಾಡಿ, ಅರ್ಧ ನಿಮಿಷ ಬಿಡುವು ಕೊಡಿ.

ಕೈಯ ವ್ಯಾಯಾಮದಲ್ಲಿ ಬಹಳ ಮಂದಿ ಎಡವುತ್ತಾರೆ. ಭುಜ ನೀರಿನಿಂದ ಮೇಲಿದ್ದು ಕೈ ಬೀಸಿದರೆ ನೀರಿನ ಆಸರೆ ಇರುವುದಿಲ್ಲ, ಕತ್ತಿನ ಬುಡದ ಸ್ನಾಯುವಿನ ಮೇಲೆಯೇ ಭಾರ ಬೀಳುತ್ತದೆ. ಒಂದು ಕಾಲು ಮುಂದಿಟ್ಟು, ಮಂಡಿ ತುಸು ಬಗ್ಗಿಸಿ, ಭುಜ ಮುಳುಗುವಂತೆ ನಿಲ್ಲಿ. ಅಂಗೈ ಅಗಲಿಸಿ ತಳ್ಳಿದರೆ ನೀರಿನ ಎದುರೊತ್ತಡ ಹೆಚ್ಚು, ಕೈಯನ್ನು ಕತ್ತಿಯಲಗಿನಂತೆ ತಿರುಗಿಸಿದರೆ ಕಡಿಮೆ. ಮೊಣಕೈ ಮಡಿಸಿದರೆ ಇನ್ನೂ ಹಗುರ. ಮೊದಲ ತಿಂಗಳು ಮಡಿಸಿದ ಮೊಣಕೈ, ತಿರುಗಿಸಿದ ಅಂಗೈ. ವೇಗದ ಲೆಕ್ಕವೂ ಗೊತ್ತಿರಲಿ: ಕೈ ಬೀಸುವ ವೇಗ ಎರಡರಷ್ಟಾದರೆ ನೀರಿನ ತಡೆ ಸುಮಾರು ನಾಲ್ಕರಷ್ಟಾಗುತ್ತದೆ. ಒಂಚೂರು ಜೋರು ಮಾಡಿದ್ದಷ್ಟೇ ಅಂದುಕೊಂಡಿರುತ್ತೀರಿ, ಭುಜಕ್ಕೆ ಅದು ದುಪ್ಪಟ್ಟಿಗಿಂತ ಜಾಸ್ತಿ ಕೆಲಸ.

ಕೊನೆಯ ಐದು ನಿಮಿಷ ಮತ್ತೆ ನಿಧಾನ ನಡಿಗೆ, ಆಮೇಲೆ ಮೀನಖಂಡ, ತೊಡೆ, ಎದೆಯ ಸ್ನಾಯುಗಳನ್ನು 20 ಸೆಕೆಂಡಿನಷ್ಟು ಹಿಗ್ಗಿಸಿ ಹಿಡಿಯಿರಿ. ಎಳೆದಂತೆ ಅನಿಸಬೇಕು, ನೋಯಬಾರದು.

ನಾಡಿ ಎಣಿಸಿ ಮಿತಿ ಗೊತ್ತುಮಾಡಬೇಡಿ. ನೀರಿನಲ್ಲಿ ಹೃದಯಬಡಿತ ನೆಲದ ಮೇಲಿಗಿಂತ ಕಡಿಮೆ ಇರುತ್ತದೆ, ಲೆಕ್ಕ ತಪ್ಪುತ್ತದೆ. ಪಕ್ಕದವರ ಜೊತೆ ಏದುಸಿರಿಲ್ಲದೆ ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದ್ದರೆ ಶ್ರಮ ಸರಿಯಾಗಿದೆ.

ಪ್ರಶ್ನೆ: ಮೊದಲ ದಿನ ನೀರಿನಲ್ಲಿ ಒಂದು ಗಂಟೆ ಇದ್ದೆ. ಎಷ್ಟೋ ತಿಂಗಳ ಮೇಲೆ ಮೈ ಹಗುರವಾಗಿತ್ತು. ಮಾರನೇ ದಿನದಿಂದ ಎರಡು ದಿನ ಹಾಸಿಗೆ ಬಿಟ್ಟು ಏಳಲಾಗಲಿಲ್ಲ. ನನಗೆ ಇದು ಒಗ್ಗುವುದಿಲ್ಲವೇ? – ಮೈಸೂರು

ಉತ್ತರ: ನೀರು ಒಗ್ಗಲಿಲ್ಲ ಎಂದಲ್ಲ, ಪ್ರಮಾಣ ಮೀರಿತು. ಬೆಚ್ಚನೆಯ ನೀರು ಆ ಹೊತ್ತಿಗೆ ನೋವನ್ನು ಮರೆಸುತ್ತದೆ, ಭಾರವನ್ನು ಹೊರುತ್ತದೆ. ಆದ್ದರಿಂದಲೇ ಎಷ್ಟು ಕೆಲಸ ಮಾಡಿದೆವೆಂದು ಗೊತ್ತಾಗುವುದಿಲ್ಲ. ಸ್ನಾಯುವಿಗೆ ಅದರ ಲೆಕ್ಕ ಮಾರನೇ ದಿನ ಸಿಗುತ್ತದೆ. ಹೀಗೆ ಒಂದು ಸಲ ಸುಟ್ಟುಕೊಂಡವರು ಪೂಲ್ ಕಡೆ ತಿರುಗಿಯೂ ನೋಡುವುದಿಲ್ಲ. ಬಹಳ ಮಂದಿಯ ಚಿಕಿತ್ಸೆ ಇಲ್ಲಿಗೇ ನಿಂತುಹೋಗುತ್ತದೆ, ದಯವಿಟ್ಟು ನೀವು ನಿಲ್ಲಿಸಬೇಡಿ.

ನಾಲ್ಕು ದಿನ ಬಿಟ್ಟು ಮತ್ತೆ ಹೋಗಿ. ಈ ಸಲ 10 ನಿಮಿಷ, ಬರೀ ನಡಿಗೆ. ಇನ್ನೂ ಮಾಡಬಹುದಿತ್ತು ಅನ್ನಿಸುವಾಗಲೇ ಮೇಲೆ ಬನ್ನಿ. ವಾರಕ್ಕೆ ಎರಡು ಸಲ, ನಡುವೆ ಕನಿಷ್ಠ ಎರಡು ದಿನದ ಅಂತರ. ಮೊದಲ ಎರಡು ವಾರ 10–15 ನಿಮಿಷ, ಮುಂದಿನೆರಡು ವಾರ 20 ನಿಮಿಷ, ಎರಡನೇ ತಿಂಗಳ ಕೊನೆಗೆ 30, ಮೂರನೇ ತಿಂಗಳ ಕೊನೆಗೆ 40–45 ನಿಮಿಷ. ಅಲ್ಲಿಗೆ ಸಾಕು. ಸಮಯ ಏರಿಸಿದ ವಾರ ವೇಗ ಏರಿಸಬೇಡಿ.

ಏರಿಸಬೇಕೋ ಇಳಿಸಬೇಕೋ ಎಂದು ನೋಡಲು ಸೊನ್ನೆಯಿಂದ ಹತ್ತರ ಅಳತೆ ಇಟ್ಟುಕೊಳ್ಳಿ. ಇಳಿಯುವ ಮುನ್ನ ನೋವು ಎಷ್ಟು, ಮಾರನೇ ದಿನ ಅದೇ ಹೊತ್ತಿಗೆ ಎಷ್ಟು ಎಂದು ಬರೆದಿಡಿ. ಎರಡು ಅಂಕದವರೆಗೆ ಏರಿ, ಮಾರನೇ ದಿನ ಮೊದಲಿನ ಮಟ್ಟಕ್ಕೆ ಬಂದರೆ ತೊಂದರೆಯಿಲ್ಲ, ಅದು ಅಭ್ಯಾಸವಿಲ್ಲದ ಸ್ನಾಯುವಿನ ನೋವು. ಅದಕ್ಕಿಂತ ಹೆಚ್ಚು ಏರಿದರೆ, ಅಥವಾ 48 ಗಂಟೆ ಕಳೆದರೂ ಇಳಿಯದಿದ್ದರೆ ಮುಂದಿನ ಸಲ ಮೂರನೇ ಒಂದು ಭಾಗ ಕಡಿತ ಮಾಡಿ. ಪೂರ್ತಿ ರಜೆ ಹಾಕಬೇಡಿ.

ಇನ್ನೊಂದು ಕಾರಣವನ್ನೂ ನೋಡಿಕೊಳ್ಳಿ. ಪೂಲ್‌ನಿಂದ ಮೇಲೆ ಬಂದಮೇಲೆ ಒದ್ದೆ ಕೂದಲಲ್ಲಿ ಫ್ಯಾನಿನ ಕೆಳಗೆ ಕುಳಿತಿರಾ? ಆಟೋದ ಗಾಳಿಗೆ ಕತ್ತು ಕೊಟ್ಟಿರಾ? ಮೈ ಥಟ್ಟನೆ ತಣ್ಣಗಾದರೆ ನೀರಿನಲ್ಲಿ ಸಡಿಲಗೊಂಡ ಸ್ನಾಯು ಮತ್ತೆ ಬಿಗಿಯುತ್ತದೆ. ಬಂದ ಕೂಡಲೇ ಬಿಸಿನೀರು ಸುರಿದುಕೊಂಡು, ತಲೆ ಒರೆಸಿ, ಪೂರ್ತಿ ತೋಳಿನ ಬಟ್ಟೆ ಹಾಕಿ, ಕತ್ತಿಗೊಂದು ದುಪಟ್ಟಾ ಸುತ್ತಿ. ಹತ್ತು ನಿಮಿಷ ಕುಳಿತು ಬಿಸಿನೀರು ಕುಡಿದು ಹೊರಡಿ.

ಪ್ರಶ್ನೆ: ಗಂಡಸರಿಗೂ ಇದು ಬರುತ್ತದೆಯೇ? – ದಾವಣಗೆರೆ

ಉತ್ತರ: ಬರುತ್ತದೆ. ಹೆಂಗಸರಲ್ಲಿ ಹೆಚ್ಚು ಎಂಬ ಕಾರಣಕ್ಕೆ ಗಂಡಸರಲ್ಲಿ ಗುರುತಿಸುವುದು ತಡವಾಗುತ್ತದೆ. ಚಿಕಿತ್ಸೆ ಒಂದೇ.

ಪ್ರಶ್ನೆ: ನಮ್ಮ ಕಡೆ ಇರ್ದೆಯಲ್ಲಿ ಬೆಂದ್ರುತೀರ್ಥದ ಬಿಸಿನೀರಿನ ಬುಗ್ಗೆ ಇದೆ. ಅಲ್ಲಿ ಮಿಂದರೆ ಮೈಕೈ ನೋವು ಹೋಗುತ್ತದೆ ಎನ್ನುತ್ತಾರೆ. ಸಮುದ್ರಸ್ನಾನವೂ ಒಳ್ಳೆಯದಂತೆ. – ಪುತ್ತೂರು

ಉತ್ತರ: ಬೆಚ್ಚನೆಯ ಖನಿಜದ ನೀರಿನಲ್ಲಿ ಮೀಯುವುದರಿಂದ ನೋವು ತಾತ್ಕಾಲಿಕವಾಗಿ ಇಳಿಯುವುದು ನಿಜ. ನೀರಿನ ಚಿಕಿತ್ಸೆಯ ಪರವಾಗಿ ಯೂಲಾರ್‌ನ ದುರ್ಬಲ ಶಿಫಾರಸೂ ಇದೆ. ಆದರೆ ನೆನೆಯುವುದೇ ಬೇರೆ, ವ್ಯಾಯಾಮವೇ ಬೇರೆ. ಸುಮ್ಮನೆ ನೆಂದರೆ ಸ್ನಾಯುವಿಗೆ ಬಲ ಬರುವುದಿಲ್ಲ, ದಮ್ಮು ಹೆಚ್ಚುವುದಿಲ್ಲ. ಮನಸ್ಸಿಗೆ ಹಿತವೆನಿಸಿದರೆ ಹೋಗಿಬನ್ನಿ, ವಾರದ ವ್ಯಾಯಾಮದ ಬದಲಿಗೆ ಅದನ್ನು ಲೆಕ್ಕ ಹಿಡಿಯಬೇಡಿ.

ಸಮುದ್ರ, ಹೊಳೆ, ಕೆರೆ, ಕಲ್ಯಾಣಿ ಬೇಡ. ಅಲೆಯ ಹೊಡೆತಕ್ಕೆ ಮೈ ಬಿಗಿಹಿಡಿದು ನಿಲ್ಲಬೇಕಾಗುತ್ತದೆ. ಹೊಳೆ, ಕೆರೆಗಳ ತಳದಲ್ಲಿ ಕೆಸರು, ಪಾಚಿ, ಗೊತ್ತಿಲ್ಲದ ಆಳ. ಸ್ನಾಯು ಸೋತವರು ಅಲ್ಲಿ ಇಳಿಯುವುದು ಅಪಾಯ.

ಪ್ರಶ್ನೆ: ನಮ್ಮೂರಿನಲ್ಲಿ ಪೂಲ್ ಇಲ್ಲ. ಹಾಗಾದರೆ ನಮಗೆ ದಾರಿಯೇ ಇಲ್ಲವೇ? – ಹಾವೇರಿ ಜಿಲ್ಲೆ

ಉತ್ತರ: ಇದೆ, ಧಾರಾಳವಾಗಿ ಇದೆ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆ 2014ರಲ್ಲಿ ನೀರಿನ ವ್ಯಾಯಾಮದ 16 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿತು. ಅವುಗಳಲ್ಲಿ ಇದ್ದವರು 881 ಮಂದಿ, ಹೆಚ್ಚುಕಡಿಮೆ ಎಲ್ಲರೂ ಮಹಿಳೆಯರು. ಏನೂ ಮಾಡದೆ ಕುಳಿತವರಿಗಿಂತ ನೀರಿನಲ್ಲಿ ವ್ಯಾಯಾಮ ಮಾಡಿದವರ ನೋವು, ಬಿಗಿತ, ಓಡಾಟ ಸುಧಾರಿಸಿತ್ತು. ಆದರೆ ನೀರು ಮತ್ತು ನೆಲವನ್ನು ಹೋಲಿಸಿದಾಗ ಅಂತಹ ವ್ಯತ್ಯಾಸ ಕಾಣಲಿಲ್ಲ. ಸ್ನಾಯುಬಲದ ವಿಚಾರದಲ್ಲಿ ನೆಲದ ವ್ಯಾಯಾಮವೇ ಮುಂದಿತ್ತು. ನೀರಿನ ಅನುಕೂಲವೆಂದರೆ ನೆಲದ ಮೇಲೆ ಹೆಜ್ಜೆ ಇಡಲೂ ಹೆದರುವವರಿಗೆ ಶುರುಮಾಡಲು ಅದು ಸುಲಭ.

ಬೆಳಿಗ್ಗೆ ಮೈ ಬಿಗಿತ ಹೆಚ್ಚಿರುವುದರಿಂದ ಸ್ನಾನಕ್ಕೆ ಬಿಸಿನೀರು ಸುರಿದುಕೊಳ್ಳುವಾಗಲೇ ಭುಜ ಸುತ್ತಿಸಿ, ಕತ್ತನ್ನು ನಿಧಾನ ಎಡಕ್ಕೆ ಬಲಕ್ಕೆ ತಿರುಗಿಸಿ. ನಡಿಗೆಯನ್ನು ಹತ್ತು ಗಂಟೆಯ ಮೇಲಿಡಿ, ಅಥವಾ ಸಂಜೆ ಐದಕ್ಕೆ. ಹೋಗುವುದು ಐದು ನಿಮಿಷ, ಬರುವುದು ಐದು ನಿಮಿಷ, ಸಮತಟ್ಟಾದ ದಾರಿ. ಎರಡು ವಾರಕ್ಕೊಮ್ಮೆ ಎರಡು ನಿಮಿಷ ಸೇರಿಸಿ. ವಾರಕ್ಕೆರಡು ಸಲ ಕುರ್ಚಿಯಿಂದ ಎದ್ದು ಕೂರುವುದನ್ನು ಐದು ಬಾರಿ, ಗೋಡೆಗೆ ಕೈಯೂರಿ ತಳ್ಳುವುದನ್ನು ಐದು ಬಾರಿ ಮಾಡಿ. ಏರಿಸುವ, ಇಳಿಸುವ ನಿಯಮ ಮೈಸೂರಿನವರಿಗೆ ಹೇಳಿದ್ದೇ.

ಪ್ರಶ್ನೆ: ಮನೆಯಲ್ಲಿ ಆರು ಜನ. ಚೆನ್ನಾಗಿರುವ ದಿನ ಎಲ್ಲ ಕೆಲಸ ಮುಗಿಸಿಬಿಡುತ್ತೇನೆ, ಆಮೇಲೆ ಮೂರು ದಿನ ಮಲಗುತ್ತೇನೆ. ನೆನ್ನೆ ಮಾಡಿದಳಲ್ಲ, ಇವತ್ತು ಏನಾಯಿತು ಎಂದು ಅತ್ತೆ ಕೇಳುತ್ತಾರೆ. ಏನು ಹೇಳಲಿ? – ಶಿವಮೊಗ್ಗ

ಉತ್ತರ: ಈ ಏರಿಳಿತವನ್ನು ಸಮಮಾಡುವುದೇ ರೋಗಿಶಿಕ್ಷಣದ ಅತಿ ಮುಖ್ಯ ಪಾಠ. ಸ್ವೀಡನ್‌ನ ಗೋಥೆನ್‌ಬರ್ಗ್‌ನ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಹಿಳೆಯರಿಗೆ 20 ವಾರ, ವಾರಕ್ಕೊಮ್ಮೆ 45 ನಿಮಿಷ, 33 ಡಿಗ್ರಿ ನೀರಿನಲ್ಲಿ ವ್ಯಾಯಾಮ ಮಾಡಿಸಿದರು, ಜೊತೆಗೆ ಕಾಯಿಲೆ ಬಗ್ಗೆ ತಿಳಿಸುವ ಒಂದೊಂದು ಗಂಟೆಯ ಆರು ತರಗತಿಗಳನ್ನು ನಡೆಸಿದರು. ಬರೀ ತರಗತಿಗೆ ಬಂದವರಿಗಿಂತ ಎರಡನ್ನೂ ಪಡೆದ ಫೈಬ್ರೊಮಯಾಲ್ಜಿಯ ರೋಗಿಗಳ ಸ್ಥಿತಿ ಹೆಚ್ಚು ಸುಧಾರಿಸಿತು. ನಮ್ಮಲ್ಲಿ ಅಂತಹ ತರಗತಿ ಸಿಗದಿದ್ದರೆ ಫಿಸಿಯೊಥೆರಪಿಸ್ಟ್ ಹತ್ತಿರ ಅರ್ಧ ಗಂಟೆ ಸಮಯ ಕೇಳಿ, ಮನೆಯವರನ್ನೂ ಕರೆದುಕೊಂಡು ಹೋಗಿ. ಒಳ್ಳೆಯ ದಿನ, ಕೆಟ್ಟ ದಿನ ಎಂದು ಬರುವುದು ಈ ಕಾಯಿಲೆಯ ಸ್ವಭಾವ, ಸೋಗಲ್ಲ ಎಂಬ ಮಾತನ್ನು ಅತ್ತೆಯವರು ಬಿಳಿ ಕೋಟಿನವರ ಬಾಯಿಂದಲೇ ಕೇಳಲಿ. ಅದನ್ನು ವಾದಿಸಿ ಗೆಲ್ಲುವ ಭಾರ ನಿಮ್ಮ ಮೇಲೆ ಬೇಡ.

ಚಪಾತಿಯನ್ನೇ ತೆಗೆದುಕೊಳ್ಳಿ. ಆರು ಜನಕ್ಕೆ ಹದಿನೆಂಟು ಚಪಾತಿ ಎಂದರೆ ಕಲಸಿ, ನಾದಿ, ಲಟ್ಟಿಸಿ, ಬೇಯಿಸಿ ಮುಗಿಸಲು ಮುಕ್ಕಾಲು ಗಂಟೆ ನಿಂತೇ ಇರಬೇಕು. ಅಡುಗೆಕಟ್ಟೆ ಎತ್ತರವಾಗಿದ್ದರೆ ಲಟ್ಟಿಸುವಾಗ ಭುಜ ಕಿವಿಯ ಕಡೆ ಏರಿರುತ್ತದೆ, ನೋವು ಹುಟ್ಟುವುದು ಅಲ್ಲಿ. ಹಿಟ್ಟನ್ನು ಮಧ್ಯಾಹ್ನವೇ ಸ್ವಲ್ಪ ಸಡಿಲವಾಗಿ ಕಲಸಿಡಿ, ನೆನೆದ ಹಿಟ್ಟಿಗೆ ಒತ್ತಡ ಕಡಿಮೆ ಸಾಕು. ಮಣೆಯನ್ನು ಊಟದ ಮೇಜಿನ ಮೇಲಿಟ್ಟು, ಮೊಣಕೈ ಮಟ್ಟಕ್ಕೆ ಬರುವಂತೆ ಕುರ್ಚಿಯಲ್ಲಿ ಕುಳಿತು ಲಟ್ಟಿಸಿ. ಆರು ಆದಮೇಲೆ ಕೈ ಕೆಳಗಿಳಿಸಿ ಐದು ನಿಮಿಷ ಬಿಡುವು. ಬೇಯಿಸುವುದು ಬೇರೆಯವರ ಪಾಲಿಗಿರಲಿ.

ನೋವು ಬಂದ ಮೇಲೆ ಕೂರುವುದಲ್ಲ, ಗಡಿಯಾರ ನೋಡಿ ಕೂರುವುದು. ಬಟ್ಟೆ ಮಡಿಸುವುದು, ಗುಡಿಸುವುದು ಹೀಗೆ ಒಂದೊಂದು ಕೆಲಸದಲ್ಲಿ ನೋವು ಏರಲು ಎಷ್ಟು ನಿಮಿಷ ಬೇಕು ಎಂದು ಮೂರು ದಿನ ಬರೆದು ಸರಾಸರಿ ತೆಗೆಯಿರಿ. 20 ನಿಮಿಷ ಬಂದರೆ ನಿಮ್ಮ ಗಡಿ 15. ಫೋನಿನಲ್ಲಿ ಟೈಮರ್ ಇಡಿ. ಚೆನ್ನಾಗಿರುವ ದಿನವೂ ಹದಿನೈದೇ. ಎಲ್ಲರಿಗೂ ಕಷ್ಟವಾಗುವುದು ಈ ಕೊನೆಯ ನಿಯಮ, ಫಲ ಕೊಡುವುದೂ ಅದೇ.

ಪ್ರಶ್ನೆ: ಈ ನೋವಿಗೆ ರಾತ್ರಿ ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಂ, ಬೆಳಿಗ್ಗೆ ಬಿಪಿ ಮಾತ್ರೆ ತೆಗೆದುಕೊಳ್ಳುತ್ತೇನೆ. ಶುಗರ್ ಕೂಡ ಇದೆ. ನೀರಿಗೆ ಇಳಿಯಬಹುದೇ? ವ್ಯಾಯಾಮ ಶುರುವಾದ ಮೇಲೆ ಮಾತ್ರೆ ಬಿಡಬಹುದೇ? ಗುಣ ಕಾಣಲು ಎಷ್ಟು ದಿನ ಬೇಕು? – ಹುಬ್ಬಳ್ಳಿ

ಉತ್ತರ: ಬಿಪಿ, ಶುಗರ್ ಹತೋಟಿಯಲ್ಲಿದ್ದರೆ ಡಾಕ್ಟರನ್ನು ಕೇಳಿಕೊಂಡು ಇಳಿಯಬಹುದು. ನಿಮ್ಮ ಎರಡೂ ಮಾತ್ರೆಗಳಿಂದ ಥಟ್ಟನೆ ಎದ್ದಾಗ ಬಿಪಿ ಇಳಿಯುವ ಸಾಧ್ಯತೆ ಇದೆ. ನೀರಿನ ಒತ್ತಡ ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳಿರುತ್ತದೆ, ಮೆಟ್ಟಿಲು ಹತ್ತುತ್ತಿದ್ದಂತೆ ಅದು ಕೆಳಗಿಳಿಯುತ್ತದೆ. ತಲೆ ಸುತ್ತಿ ಬೀಳುವುದು ಆಗಲೇ. ಒಂದೊಂದೇ ಮೆಟ್ಟಿಲು ಹತ್ತಿ, ಮೇಲಿನ ಕಂಬಿ ಹಿಡಿದು ನಿಂತು ಮೂವತ್ತು ಎಣಿಸಿ ಮುಂದೆ ನಡೆಯಿರಿ. ಇಳಿಯುವ ಮುನ್ನ ಒಂದು ಲೋಟ ನೀರು ಕುಡಿಯಿರಿ. ಇನ್ಸುಲಿನ್ ಅಥವಾ ಶುಗರ್ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಇಳಿಯಬಾರದು, ಬ್ಯಾಗಿನಲ್ಲಿ ಗ್ಲೂಕೋಸ್ ಇರಲಿ. ಕಾಲಿನ ಸ್ಪರ್ಶ ಮಂದವಾಗಿದ್ದರೆ ನೀರಿನಲ್ಲೂ ರಬ್ಬರ್ ಶೂ ಹಾಕಿ, ಮನೆಗೆ ಬಂದು ಪಾದ ನೋಡಿಕೊಳ್ಳಿ. ಜ್ವರ, ಭೇದಿ, ತೆರೆದ ಗಾಯ, ಚರ್ಮದ ಸೋಂಕು, ಕಿವಿ ಸೋರುವುದು ಇದ್ದ ದಿನ ನೀರು ಬೇಡ. ಮೂರ್ಛೆರೋಗ ಅಥವಾ ಹೃದಯದ ತೊಂದರೆ ಇರುವವರು ವೈದ್ಯರ ಒಪ್ಪಿಗೆ ಇಲ್ಲದೆ ಇಳಿಯಲೇಬಾರದು. ಯಾರಾದರೂ ಸರಿಯೇ, ಒಬ್ಬರೇ ಇಳಿಯಬೇಡಿ.

ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಈ ಕಾಯಿಲೆಗೆ ಕೊಡುವ ಅಮಿಟ್ರಿಪ್ಟಿಲಿನ್, ಡುಲೋಕ್ಸೆಟಿನ್, ಪ್ರೆಗಾಬಾಲಿನ್ ಯಾವುದನ್ನಾದರೂ ಹಂತಹಂತವಾಗಿಯೇ ಇಳಿಸಬೇಕು. ಆದರೆ ಮೆಡಿಕಲ್ ಶಾಪಿನಿಂದ ತಂದು ದಿನಾ ನುಂಗುವ ಡೈಕ್ಲೋಫಿನಾಕ್, ಐಬುಪ್ರೊಫೆನ್‌ಗಳ ಬಗ್ಗೆ ವೈದ್ಯರೊಡನೆ ಖಂಡಿತ ಮಾತಾಡಿ. ಅವು ಉರಿಯೂತ ಇಳಿಸುವ ಮಾತ್ರೆಗಳು, ಈ ನೋವಿನ ಮೂಲ ಉರಿಯೂತವಲ್ಲ. ಬಿಪಿ, ಶುಗರ್ ಇರುವವರ ಮೂತ್ರಪಿಂಡಕ್ಕೆ ಅವುಗಳಿಂದ ಹಾನಿ.

ಗುಣಕ್ಕೆ ಎರಡರಿಂದ ಮೂರು ತಿಂಗಳ ಗಡುವು ಇಟ್ಟುಕೊಳ್ಳಿ. ಮೊದಲ ನಾಲ್ಕು ವಾರದಲ್ಲಿ ಹೆಚ್ಚೇನೂ ಕಾಣದಿದ್ದರೆ ಬೇಸರಿಸಬೇಡಿ. ನೋವಿನ ಅಂಕವನ್ನಷ್ಟೇ ನೋಡುತ್ತಾ ಕೂರಬೇಡಿ, ಅದು ನಿಧಾನವಾಗಿ ಇಳಿಯುತ್ತದೆ. ಶುರುಮಾಡುವ ಮುನ್ನ ಆರು ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತೀರಿ, ರಾತ್ರಿ ಎಷ್ಟು ಸಲ ಎಚ್ಚರವಾಗುತ್ತದೆ, ಮಹಡಿ ಮೆಟ್ಟಿಲು ಹತ್ತಲು ಎಷ್ಟು ಕಡೆ ನಿಲ್ಲುತ್ತೀರಿ, ಈ ಮೂರನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಡಿ. ತಿಂಗಳಿಗೊಮ್ಮೆ ಅದೇ ದಾರಿ, ಅದೇ ಹೊತ್ತು, ಅದೇ ಚಪ್ಪಲಿಯಲ್ಲಿ ಮತ್ತೆ ಅಳೆಯಿರಿ. ಹನ್ನೆರಡು ವಾರವಾದರೂ ಮೂರರಲ್ಲಿ ಒಂದೂ ಬದಲಾಗದಿದ್ದರೆ ಆ ಹಾಳೆಯನ್ನೇ ಹಿಡಿದುಕೊಂಡು ರುಮಟಾಲಜಿಸ್ಟ್ (ಸಂಧಿವಾತ ತಜ್ಞರು) ಅಥವಾ ಫಿಸಿಯೊಥೆರಪಿಸ್ಟ್ ಹತ್ತಿರ ಹೋಗಿ. ನಿದ್ದೆಯ ತೊಂದರೆಯೋ, ಮನಸ್ಸಿನ ಖಿನ್ನತೆಯೋ, ಗೊರಕೆಯ ಉಸಿರುಗಟ್ಟುವಿಕೆಯೋ ಹಿಂದಿನಿಂದ ಎಳೆಯುತ್ತಿದೆಯೇ ಎಂದು ಆಗ ಹುಡುಕಬೇಕಾಗುತ್ತದೆ.